ಎರಡು ಮೆಟ್ಟಿಲ ಅಳತೆ

ನಮ್ಮ ಕಚೇರಿಯಲ್ಲಿ ಅವರನ್ನು ಎಲ್ಲರೂ ಟೇಪಣ್ಣ ಎನ್ನುತ್ತಿದ್ದರು. ಹಾಗೆ ಹೆಸರಿಟ್ಟವಳು ನಾನೇ, ಅದಕ್ಕೇನೂ ನಾಚಿಕೆಯಿಲ್ಲ. ಊಟದ ಡಬ್ಬಿಯನ್ನು ಮರೆತು ಬಂದಾರು, ಜೇಬಿನ ಅಳತೆ ಟೇಪನ್ನು ಮರೆಯುವ ಆಸಾಮಿಯಲ್ಲ. ಪ್ರವಾಹ ಇಳಿದ ಮೇಲೆ ಮನೆಮನೆಗೆ ಹೋಗಿ ನೀರು ಎಷ್ಟೆತ್ತರ ನಿಂತಿತ್ತೆಂದು ಅಳೆಯುವುದು ಅವರ ಕೆಲಸ. ಅದನ್ನು ಕಂಪ್ಯೂಟರಿಗೆ ತುಂಬಿ ರಾಜಧಾನಿಗೆ ಕಳಿಸುವುದು ನನ್ನದು. ಅಲ್ಲಿ ಎಲ್ಲ ಊರುಗಳ ಅಂಕಿ ಕೂಡಿಸಿ, ಈ ವರ್ಷ ದೇಶದ ದುಡಿಮೆಯಲ್ಲಿ ನೀರು ಎಷ್ಟು ಪಾಲು ನುಂಗಿತು ಎಂದು ಹೇಳುತ್ತಿದ್ದರು. ಆ ಸಂಖ್ಯೆ ರೇಡಿಯೋದಲ್ಲಿ ಬಂದರೆ ಟೇಪಣ್ಣನಿಗೆ ತನ್ನ ಹೆಸರೇ ಬಂದಷ್ಟು ಖುಷಿ. "ಅದರಲ್ಲಿ ನಾವಿಬ್ಬರೂ ಇದೀವಿ ನೋಡಮ್ಮಾ" ಎನ್ನುತ್ತಿದ್ದರು.

ಅಳೆಯುವುದಕ್ಕೊಂದು ಕ್ರಮವಿತ್ತು. ನೀರಿಳಿದ ಮೇಲೆ ಗೋಡೆಯಲ್ಲಿ ಕೆಸರಿನ ಗೆರೆ ಉಳಿಯುತ್ತದೆ. ಹೊರಗೋಡೆಯನ್ನು ನಂಬಬಾರದು, ಅಲ್ಲಿ ಅಲೆ ಬಡಿದಿರುತ್ತದೆ. ಸೀದಾ ಅಡುಗೆಮನೆಗೆ ಹೋಗಿ, ಟೇಪಿನ ತುದಿಯನ್ನು ಒಳಗಿನ ನೆಲಕ್ಕೆ ಒತ್ತಿ, ಗೆರೆಯವರೆಗೆ ಅಳೆಯಬೇಕು. ಇದರಲ್ಲಿ ಟೇಪಣ್ಣನದು ಎತ್ತಿದ ಕೈ. ಯಾರು ಎಷ್ಟು ಗೋಗರೆದರೂ ಅರ್ಧ ಇಂಚು ಆಚೀಚೆ ಮಾಡಿದವರಲ್ಲ.

ಮದುವೆಯಾಗದ ಅವರಿಗೆ ಇದ್ದವಳು ಒಬ್ಬಳೇ ಅಕ್ಕ. ಬಂದರಿನ ಹಿಂದಿನ ಬೀದಿಯಲ್ಲಿ, ಎರಡು ಮೆಟ್ಟಿಲಿನ ಪುಟ್ಟ ಮನೆ. ಗೋದಾಮುಗಳಿಗೆ ಗೋಣಿಚೀಲ ಹೊಲಿದುಕೊಡುತ್ತಿದ್ದಳು. ಕಚೇರಿ ಮುಗಿದರೆ ತಮ್ಮ ಅಲ್ಲಿಗೇ. ಅಕ್ಕ ಚಹಾ ಮಾಡುವಳು, ಇವರು ದಬ್ಬಣಕ್ಕೆ ದಾರ ಪೋಣಿಸಿಕೊಡುವರು, ಕತ್ತಲಾಗುವವರೆಗೆ ಇಬ್ಬರೂ ಊರಿನವರನ್ನೆಲ್ಲ ಆಡಿಕೊಳ್ಳುವರು. ಅಷ್ಟೇ ಅವರ ಸಂಸಾರ.

ಆ ಮಳೆಗಾಲ ಸಮುದ್ರ ಮೂರನೇ ಸಲ ಬೀದಿಗೆ ನುಗ್ಗಿತು. ಬಂದರು ಮುಚ್ಚಿತು. ಹಡಗಿಲ್ಲದ ಮೇಲೆ ಚೀಲ ಯಾರಿಗೆ ಬೇಕು? ಸಂಬಂಧಿಕರ ಮನೆ ಅಳೆಯಬಾರದೆಂಬ ನಿಯಮವೇನೋ ಇತ್ತು. ಆದರೆ ಕಚೇರಿಯ ಅರ್ಧ ಜನರ ಮನೆಯೇ ನೀರಲ್ಲಿರುವಾಗ ಇನ್ಯಾರನ್ನು ಕಳಿಸುವುದು? ಟೇಪಣ್ಣನೇ ಹೋದರು.

ಸಂಜೆ ಬಂದ ಹಾಳೆ ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಕ್ಕನ ಮನೆಯ ಎಡಕ್ಕೆ ನಾಲ್ಕು ಅಡಿ ಮೂರು ಇಂಚು. ಬಲಕ್ಕೆ ನಾಲ್ಕು ಅಡಿ ಐದು ಇಂಚು. ನಡುವೆ ಅಕ್ಕನದು ಮಾತ್ರ ಐದೂವರೆ ಅಡಿ. ನೀರಿಗೆ ಒಂದೇ ಮನೆಯ ಮೇಲೆ ಅಷ್ಟು ಪ್ರೀತಿ ಇರುವುದಿಲ್ಲ. ಐದು ಅಡಿ ದಾಟಿದರೆ ಹೊಸ ಮನೆಗೆ ಪೂರ್ತಿ ಪರಿಹಾರವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ತಲೆಯೆತ್ತಿದೆ. ಟೇಪಣ್ಣ ಕಿಟಕಿಯಾಚೆ ನೋಡುತ್ತಿದ್ದರು.

"ಒಳಗಿನ ನೆಲದಿಂದ ತಾನೇ?" ಎಂದೆ.

"ಹಾಕಮ್ಮಾ, ಹಾಕು" ಎಂದರು.

ಹಾಕಿದೆ. ಟೇಪಣ್ಣ ಅಂಗಳದಲ್ಲೇ ನಿಂತು ಮೆಟ್ಟಿಲ ಬುಡದಿಂದ ಅಳೆದಿದ್ದರು. ಆಯುಷ್ಯದಲ್ಲಿ ಒಂದೇ ಒಂದು ಸಲ.

ನಮಗಿಬ್ಬರಿಗೂ ಗೊತ್ತಿಲ್ಲದ್ದು ಒಂದಿತ್ತು. ಕೊಚ್ಚಿಹೋದದ್ದನ್ನೇ ಮತ್ತೆ ಮತ್ತೆ ಕಟ್ಟಿ ದೇಶ ಸೋತಿತ್ತು. ಸಾಲ ಕೊಡುವ ಹೊರಗಿನವರು, ಮುಳುಗುವ ಜಾಗದಲ್ಲಿ ಇನ್ನು ಕಟ್ಟಕೂಡದು ಎಂದು ಪಟ್ಟು ಹಿಡಿದಿದ್ದರು. ಹೊಸ ಆದೇಶ ಬಂತು: ಬೀದಿಯಲ್ಲಿ ಒಂದು ಮನೆ ಐದು ಅಡಿ ದಾಟಿದರೂ ಇಡೀ ಬೀದಿ ಖಾಲಿಯಾಗಬೇಕು. ಮೂವತ್ತೊಂದು ಮನೆಯವರನ್ನು ನಾಲ್ಕು ತಾಸಿನ ದಾರಿಯಾಚೆ, ಗುಡ್ಡದ ಮೇಲಿನ ಬಡಾವಣೆಗೆ ಸಾಗಿಸಿದರು. ಅಲ್ಲಿನ ಮನೆಗಳೇನೋ ಗಟ್ಟಿಯಾಗಿವೆ. ಸಮುದ್ರ ಮಾತ್ರ ಯಾವ ಕಿಟಕಿಯಿಂದಲೂ ಕಾಣುವುದಿಲ್ಲ.

ಆಮೇಲೆ ಟೇಪಣ್ಣನಿಗೆ ಸಂಜೆಯಾದರೆ ಎಲ್ಲಿಗೆ ಹೋಗಬೇಕೆಂದೇ ತಿಳಿಯುತ್ತಿರಲಿಲ್ಲ. ನಾನು ಬೀಗ ಹಾಕುವವರೆಗೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅವರನ್ನು ನೋಡಿದರೆ, ಆ ಅಂಕಿ ಹಾಕಿದ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಪ್ರತಿ ಭಾನುವಾರ, ಇವತ್ತು ಅಕ್ಕನಿಗೆ ಹೇಳಿಯೇ ಬಿಡುತ್ತೇನೆಂದು ಬಸ್ಸು ಹತ್ತುವರು. ಸೋಮವಾರ ಸಪ್ಪೆ ಮುಖ ಹೊತ್ತು ಬರುವರು. "ಮಾತು ಗಂಟಲವರೆಗೆ ಬರುತ್ತಮ್ಮಾ, ಅಷ್ಟರಲ್ಲಿ ಅವಳು ಚಹಾ ತಂದುಬಿಡ್ತಾಳೆ." ಹೀಗೆ ಆರು ವರ್ಷ.

ನಿವೃತ್ತಿಗೆ ಒಂದು ವಾರವಿದೆ ಎನ್ನುವಾಗ ಕೊನೆಗೂ ಹೇಳಿದರಂತೆ. ಚಹಾ ತರುವ ಮೊದಲೇ, ಹೊಸ್ತಿಲಲ್ಲೇ ನಿಂತು.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳಂತೆ. "ಗೊತ್ತು ಕಣೋ. ಯಾರ ಮನೆ ಅಳೆದ್ರೂ ಸೀದಾ ಅಡುಗೆಮನೆಗೆ ನುಗ್ಗೋನು ನೀನು. ಅವತ್ತು ಅಂಗಳದಲ್ಲೇ ನಿಂತ್ಯಲ್ಲ, ಆಗಲೇ ಗೊತ್ತಾಯ್ತು. ಹೊಸ ಮನೆ ಸಿಗುತ್ತಲ್ಲ ಅಂತ ನಾನೂ ಸುಮ್ಮನಾದೆ."

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲೇ ಅಕ್ಕಾ."

"ನೀನು ಹೇಳಿದ್ಯಾ?"

ಆಮೇಲೆ ಟೇಪಣ್ಣ, ತಪ್ಪು ನನ್ನದೆಂದು ಅಕ್ಕಪಕ್ಕದವರಿಗೂ ಹೇಳಿಬಿಡುತ್ತೇನೆ ಎಂದರು.

ಅಕ್ಕ ಗಟ್ಟಿಯಾಗಿ ಅವರ ಕೈ ಹಿಡಿದುಕೊಂಡಳಂತೆ. "ಬೇಡ್ವೋ. ಸಂಜೆ ಎಲ್ಲರೂ ಇದೇ ಜಗಲಿಗೆ ಬಂದು ಕೂತ್ಕೊಂಡು ಆ ಬೀದಿ ನೆನೆಸ್ಕೊಂಡು ಅಳ್ತಾರೆ. ನಾನೂ ಅವರ ಜೊತೆ ಅಳ್ತೀನಿ. ಗೊತ್ತಾದ್ರೆ, ಆ ಅಳೋದಕ್ಕೂ ನನ್ನ ಸೇರಿಸ್ಕೊಳ್ಳಲ್ಲ."