ಹೋಳೂರಿನ ಹುಳುಮನೆಗೆ ಸಾಂಬ್ರಾಣಿ ಬೇಡ

ಬೆಳಗಿನ ಐದೂವರೆ. ಕೋಲಾರ ತಾಲ್ಲೂಕಿನ ಹೋಳೂರಿನಲ್ಲಿ ಮುನಿಲಕ್ಷ್ಮಿ ಕೈ ತೊಳೆದು, ಹೊಸ ಕೋಣೆಯ ಬಾಗಿಲು ತೆರೆದು, ತಟ್ಟೆಗಳ ಮೇಲೆ ಬಗ್ಗುತ್ತಾರೆ. ತಟ್ಟೆ ತುಂಬ ಅಕ್ಕಿಕಾಳಿನಷ್ಟು ರೇಷ್ಮೆ ಹುಳುಗಳು. ಎರಡನೇ ಜ್ವರದಲ್ಲಿ, ಅಂದರೆ ಪೊರೆ ಕಳಚುವ ನಿದ್ದೆಯಲ್ಲಿ, ನಿನ್ನೆಯಿಂದ ಮಿಸುಕಾಡದೆ ಬಿದ್ದಿವೆ. ಹೊಸ ಕೋಣೆಯ ಮೊದಲ ಬೆಳೆ ಇದು. ಎಲ್ಲ ಒಟ್ಟಿಗೆ ಎದ್ದರೆ ಗೆದ್ದಂತೆ. ಎಂಟಕ್ಕೆ ರೈತರು ಬರುತ್ತಾರೆ.

"ಮಾತಾಡ್ಬೇಡಿ ಸಾರ್, ಏಳೋ ಹೊತ್ತು" ಎನ್ನುತ್ತಾರೆ. ಹುಳುವಿಗೆ ಕಿವಿ ಎಲ್ಲಿದೆ ಎಂದು ಕೇಳುವ ಧೈರ್ಯ ನನಗಿಲ್ಲ.

ಮೊಟ್ಟೆಯೊಡೆದ ಹುಳುವನ್ನು ಎಂಟು ದಿನ ಸಾಕಿ ರೇಷ್ಮೆ ಬೆಳೆಗಾರರಿಗೆ ಕೊಡುವುದು ಇವರ ಕಸುಬು. ಆರು ಮನೆಗೆ ಕೊಡುತ್ತಿದ್ದವರು ಈಗ ಗೌನಿಪಲ್ಲಿಯವರೆಗೆ ನಲವತ್ತು ಮನೆಗೆ ಕೊಡುತ್ತಾರೆ. ದಿನಕ್ಕೆರಡು ಸಲ ಸೊಪ್ಪು, ತಿಂಗಳಿಗೆರಡು ಬೆಳೆ, ರಜೆ ಎಂಬುದಿಲ್ಲ.

ನಾಲ್ಕು ವರ್ಷದ ಹಿಂದೆ ಮೊದಲ ಕೋಣೆ ಕಟ್ಟಿದಾಗ ಅತ್ತೆ ಅಂಜಮ್ಮ, ಹುಳುವಿಗೆ ಯಾರ ಕಣ್ಣೂ ತಾಗದಿರಲೆಂದು, ಬಾಗಿಲು ಮುಚ್ಚಿ ಭಕ್ತಿಯಿಂದ ಸಾಂಬ್ರಾಣಿ ಹೊಗೆ ಹಾಕಿದರು. ಮರುದಿನವೇ ಅರ್ಧ ಹುಳು ಸತ್ತವು.

"ದೃಷ್ಟಿ ತೆಗೆಯೋಕೆ ಹೋಗಿ ಹುಳಾನೇ ತೆಗೆದ್ಬಿಟ್ಟೆ" ಎಂದು ಅಂಜಮ್ಮ ಜಗುಲಿಯಿಂದಲೇ ನಗುತ್ತಾರೆ. ಈ ಸಲದ ಪೂಜೆ ರಸ್ತೆಯಾಚೆ ಹುಣಸೆ ಮರದಡಿ ಮುಗಿದಿದೆ.

"ಉಳಿದಿದ್ದನ್ನ ಕೊಟ್ಟು ಸುಮ್ನಿರಬೋದಿತ್ತು ಸಾರ್, ನೋಡೋಕೆ ಚೆನ್ನಾಗೇ ಇದ್ವು" ಎನ್ನುತ್ತಾರೆ ಮುನಿಲಕ್ಷ್ಮಿ. "ಆರು ಮನೆಗೂ ಹೋಗಿ, ಹಿಂಗಾಯ್ತು, ಈ ಸಲ ಬೇರೆ ಕಡೆ ತಗೊಳ್ರಪ್ಪ ಅಂದೆ. ಚೆನ್ನಾಗಿ ಬೈದ್ರು. ಮುಂದಿನ ಬೆಳೆಗೆ ಅವರೇ ಬಂದ್ರು, ಭಾವಮೈದಂದಿರ್ನೂ ಕರ್ಕೊಂಡು."

ಸಣ್ಣ ಉದ್ದಿಮೆ ಬೆಳೆಯಲು ಸಾಲ, ರಸ್ತೆ, ಕರೆಂಟು ಬೇಕೆಂದು ತಿಳಿದವರು ಹೇಳುತ್ತಾರೆ. ಸುಳ್ಳಲ್ಲ. ಸೊಸೈಟಿ ಸಾಲವಿಲ್ಲದೆ ಈ ಕೋಣೆ ಏಳುತ್ತಿರಲಿಲ್ಲ, ಡಾಂಬರು ಬೀಳದಿದ್ದರೆ ಗೌನಿಪಲ್ಲಿಗೆ ಹುಳು ಜೀವಂತ ಮುಟ್ಟುತ್ತಿರಲಿಲ್ಲ. ಆದರೆ ನಿಜ ಹೇಳಿ ಬೈಸಿಕೊಳ್ಳುವ ಗುಂಡಿಗೆಯನ್ನು ಯಾಕೋ ಯಾರೂ ಆ ಪಟ್ಟಿಗೆ ಸೇರಿಸುವುದಿಲ್ಲ.

ಏಳು ಗಂಟೆಗೆ ತಟ್ಟೆಗಳಲ್ಲಿ ಸಣ್ಣ ಸಣ್ಣ ತಲೆಗಳು ಅಲುಗಾಡುತ್ತವೆ. ಒಂದು ತಟ್ಟೆಯೂ ಹಿಂದೆ ಬಿದ್ದಿಲ್ಲ. ಮುನಿಲಕ್ಷ್ಮಿ ಎಳೆ ಸೊಪ್ಪಿನ ಚೂರು ಉದುರಿಸುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಖುಷಿ ಬಿಡಿ, ಮುಚ್ಚಿಡುವುದೇನಿದೆ.

ಮೊದಲು ಬರುವವರು ಗೌನಿಪಲ್ಲಿಯ ರೈತ ಗಂಗುಲಪ್ಪ. ಮೇಲೆ ಹೊದಿಸಿದ ಕಾಗದವನ್ನೂ ಸರಿಸದೆ ತಟ್ಟೆಗಳನ್ನು ಗಾಡಿಗೆ ಏರಿಸುತ್ತಾರೆ.

"ನೋಡಲ್ವಾ ಅಣ್ಣ?"

"ನಿಮ್ಮನೆ ಹುಳ ಅಲ್ವೇನಮ್ಮ, ನೋಡೋದೇನೈತೆ."

ಮುನಿಲಕ್ಷ್ಮಿ ಒಂದು ತಟ್ಟೆಯನ್ನು ಗಾಡಿಯಿಂದ ಇಳಿಸಿ, ಕಾಗದ ತೆಗೆದು, ಅವರ ಮುಂದೆ ಹಿಡಿಯುತ್ತಾರೆ.

"ನೋಡ್ಕೊಂಡೇ ತಗೊಂಡೋಗಣ್ಣ. ನಂಗೂ ಒಂಚೂರು ಭಯ ಇರ್ಬೇಕು."