ಸದ್ದಲೇ ಎಂದ ಮೇಲೆ

ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯನ್ನು ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿದ ವರ್ಷ ಚಿಗಟೇರಿ ಕಡೆಯ ಒಂದು ಹಳ್ಳಿಯ ಅಂಗನವಾಡಿಗೆ ಹೊನ್ನೂರಮ್ಮ ಟೀಚರಾಗಿ ಬಂದಳು. ದೊಡ್ಡ ಗಂಟಲಿನ ಹೆಂಗಸು. ಓಣಿಯ ಆ ತುದಿಯಲ್ಲಿ ಬೈದರೆ ಈ ತುದಿಯ ನಾಯಿ ಎದ್ದು ಕೂರುತ್ತಿತ್ತು. ಇಂಥವಳು ಮಕ್ಕಳಿಗೆ ಕಲಿಸಿದ್ದು ಸುಮ್ಮನಿರುವುದನ್ನು ಎಂದರೆ ನಂಬುವುದು ಕಷ್ಟ.

ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಮೈಲಾರದ ಕಾರ್ಣಿಕಕ್ಕೆ ಹೋಗಿದ್ದಳು. ಗೊರವಯ್ಯ ಎತ್ತರದ ಬಿಲ್ಲೇರಿ ನಿಂತು ‘ಸದ್ದಲೇ’ ಎಂದು ಕೂಗಿದ್ದೇ ತಡ, ಅಲ್ಲಿ ನೆರೆದಿದ್ದ ಅಷ್ಟೂ ಜನ ಉಸಿರು ಬಿಗಿಹಿಡಿದು ನಿಂತುಬಿಟ್ಟರು. ಆಮೇಲೆ ಆತ ನುಡಿದ ಒಂದು ಸಾಲಿನ ಭವಿಷ್ಯ ಅವಳಿಗೆ ನೆನಪಿಲ್ಲ. ಅದಕ್ಕೂ ಮುಂಚಿನ ಆ ಮೌನ ಮಾತ್ರ ಮೈಯೊಳಗೆ ಉಳಿದುಬಿಟ್ಟಿತ್ತು. ದೇವರೆಂದರೆ ಇದೇ ಇರಬೇಕು ಎಂದು ಆಗ ಅನಿಸಿತ್ತು. ದೊಡ್ಡವಳಾದ ಮೇಲೂ ಆ ಅಭಿಪ್ರಾಯ ಬದಲಿಸುವ ಗೋಜಿಗೆ ಅವಳು ಹೋಗಲಿಲ್ಲ.

ಹಾಗಾಗಿ ಮಧ್ಯಾಹ್ನ ಉಪ್ಪಿಟ್ಟು ತಿಂದು ಕೈ ತೊಳೆದ ಮೇಲೆ ಅಂಗನವಾಡಿಯಲ್ಲಿ ಒಂದು ಆಟ ನಡೆಯುತ್ತಿತ್ತು. ಹೊನ್ನೂರಮ್ಮ ‘ಸದ್ದಲೇ’ ಎನ್ನುವಳು. ಮಕ್ಕಳೆಲ್ಲ ಕಣ್ಣು ಮುಚ್ಚಿ ಕಿವಿ ತೆರೆಯಬೇಕು. ಆಮೇಲೆ ಒಬ್ಬೊಬ್ಬರಾಗಿ ಬೋರಲು ಹಾಕಿದ ಬಕೆಟ್ ಹತ್ತಿ ತಮಗೆ ಕೇಳಿಸಿದ್ದನ್ನು ಹೇಳಬೇಕು. ಒಬ್ಬನಿಗೆ ಇರುವೆ ನಡೆಯುವುದು ಕೇಳುತ್ತಿತ್ತು. ಇನ್ನೊಬ್ಬನಿಗೆ ಸದಾ ತನ್ನ ಹೊಟ್ಟೆಯೇ ಕೇಳುತ್ತಿತ್ತು. ಕೊನೆಗೆ ಹತ್ತುವವಳು ಸೌಭಾಗ್ಯ. ಐದು ವರ್ಷದ ಹುಡುಗಿ. ಅಪ್ಪ ಅವ್ವ ಕುರಿ ಹೊಡೆದುಕೊಂಡು ಊರೂರು ತಿರುಗುತ್ತಿದ್ದರು. ಇವಳು ಅಜ್ಜಿ ತಿಪ್ಪೇರುದ್ರಮ್ಮನ ಜೊತೆ ಊರಲ್ಲಿದ್ದಳು.

“ಬೇವಿನ ಗಿಡ ನೀರು ಕುಡಿಯಾಕತ್ತೈತಿ,” ಎನ್ನುವಳು ಸೌಭಾಗ್ಯ.

ಹೊನ್ನೂರಮ್ಮ ನಗುತ್ತಿರಲಿಲ್ಲ. “ಹೌದಾ? ನಡಿ, ನಾನೂ ಕೇಳ್ತೀನಿ,” ಎಂದು ಹೋಗಿ ಗಿಡಕ್ಕೆ ಕಿವಿ ಹಚ್ಚುತ್ತಿದ್ದಳು. ತಪಾಸಣೆಗೆ ಬಂದ ಸೂಪರ್‌ವೈಸರ್ ಒಮ್ಮೆ ಅದನ್ನು ಕಂಡು ಏನೂ ಕೇಳದೆ ಹಾಗೇ ಬಸ್ ಹತ್ತಿದರಂತೆ.

ತಿಂಗಳ ಪೌಷ್ಟಿಕ ಪುಡಿಗೆಂದು ಬರುತ್ತಿದ್ದ ಚೊಚ್ಚಲ ಬಸುರಿ ಸುಜಾತಾಳ ಹೊಟ್ಟೆಗೂ ಸೌಭಾಗ್ಯ ಕಿವಿ ಕೊಡುತ್ತಿದ್ದಳು. “ಒಳಗ ಯಾರೋ ಬುಗುರಿ ಆಡಾಕತ್ತಾರ,” ಎಂದಳು. ಸುಜಾತಾ ನಾಚಿ ನಕ್ಕಳು.

ಒಂದು ಮಧ್ಯಾಹ್ನ ಸೌಭಾಗ್ಯ ಬಕೆಟ್ ಮೇಲೆ ನಿಂತು, “ಬಂಗಾರಪ್ಪಜ್ಜನ ಗ್ವಾಡಿಗೆ ನಿಂತು ನಿಂತು ಸಾಕಾಗೈತಿ,” ಎಂದುಬಿಟ್ಟಳು. ಆ ವಾರವೇ ಮಳೆ ಹಿಡಿಯಿತು. ಬಂಗಾರಪ್ಪನ ಕುರಿಹಟ್ಟಿಯ ಗೋಡೆ ಕುಸಿದು ಮರಿಗಳು ಸತ್ತವು. ಮಕ್ಕಳು ಮನೆಯಲ್ಲಿ ಬಾಯಿಬಿಟ್ಟರು. ಸದ್ದಲೇ ಅಂದ ಮೇಲೆ, ಎತ್ತರದಲ್ಲಿ ನಿಂತು, ಒಂದೇ ಸಾಲು. ಮೈಲಾರಕ್ಕೆ ನಡೆದುಕೊಳ್ಳುವ ಊರಿಗೆ ಇನ್ನೇನು ಬೇಕು? ಕೂಸಿನ ಆಟವನ್ನು ಊರಿಗೂರೇ ಕಾರ್ಣಿಕವೆಂದು ನಂಬಿತು.

ತಿಪ್ಪೇರುದ್ರಮ್ಮ ಮೊಮ್ಮಗಳ ಹಣೆಗೆ ಭಂಡಾರ ಬಳಿದು, ಕಂಬಳಿ ಹೊದಿಸಿ, ಮನೆಮುಂದಿನ ಕಟ್ಟೆಯ ಮೇಲೆ ಕೂರಿಸಿದಳು. ಜನ ಕಾಯಿ ಹಿಡಿದು ಬಂದರು. ಕಳೆದ ಕುರಿ ಎಲ್ಲಿ, ಮಗಳ ಲಗ್ನ ಯಾವಾಗ, ಬೋರು ಎಲ್ಲಿ ಕೊರೆಸಬೇಕು.

“ಕೂಸಿನ ಆಟರೀ ಅದು. ಹಿಂಗ ಹಿಂಡಬ್ಯಾಡ್ರಿ,” ಎಂದು ಹೊನ್ನೂರಮ್ಮ ಕಟ್ಟೆಯ ಮುಂದೆ ನಿಂತು ಗಂಟಲು ಹರಿದುಕೊಂಡಳು.

“ಮೈಲಾರಲಿಂಗಪ್ಪ ನನ್ನ ಮೊಮ್ಮಗಳ ನಾಲಿಗಿ ಮ್ಯಾಲ ಕುಂತಾನ. ನಿನಗ ಯಾಕ ಹೊಟ್ಟಿಯುರಿ?” ಎಂದಳು ತಿಪ್ಪೇರುದ್ರಮ್ಮ.

ಹಾಗೆ ಬಂದವರಲ್ಲಿ ಸುಜಾತಾಳೂ ಇದ್ದಳು. ದಿನ ತುಂಬಿತ್ತು. ಅತ್ತೆ ಅವಳನ್ನು ಕೈಹಿಡಿದು ಕರೆತಂದು, ಹೆಣ್ಣೋ ಗಂಡೋ ಹೇಳು ಎಂದಳು. ಸೌಭಾಗ್ಯ ಎಂದಿನಂತೆ ಹೊಟ್ಟೆಗೆ ಕಿವಿ ಇಟ್ಟಳು. ಬಹಳ ಹೊತ್ತು ಇಟ್ಟಳು. ಆ ಕಿವಿಯಿಂದ ಈ ಕಿವಿಗೆ ಬದಲಿಸಿದಳು.

“ಸದ್ದಿಲ್ಲ,” ಎಂದಳು.

ಮಾರನೆಯ ದಿನ ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಸತ್ತ ಮಗು ಹುಟ್ಟಿತು. ಕಾಯಿ ಹಿಡಿದು ಬಂದ ಅದೇ ಜನ ಈಗ ಹುಡುಗಿಯನ್ನು ಕಂಡರೆ ದಾರಿ ಬದಲಿಸತೊಡಗಿದರು. ಅವಳ ನಾಲಿಗೆಯೇ ಕೂಸನ್ನು ತಿಂದಿತು ಎಂಬ ಮಾತು ಬಾವಿಕಟ್ಟೆಯಲ್ಲಿ ಹುಟ್ಟಿ ಸೌಭಾಗ್ಯಳ ಕಿವಿಗೂ ಬಿತ್ತು. ಅಂದಿನಿಂದ ಅವಳ ಬಾಯಿಗೆ ಬೀಗ ಬಿತ್ತು. ಹರಿದ ಸೀರೆಯ ಚೂರನ್ನು ಉಂಡೆ ಮಾಡಿ ಎರಡೂ ಕಿವಿಗೆ ತುರುಕಿಕೊಂಡಳು. ಅಜ್ಜಿ ತೆಗೆದರೆ ಮತ್ತೆ ತುರುಕಿಕೊಳ್ಳುವಳು.

ಹೊನ್ನೂರಮ್ಮ ದಿನವೂ ಅವಳನ್ನು ಎತ್ತಿಕೊಂಡು ಬಂದು ಅಂಗನವಾಡಿಯ ಮೂಲೆಯಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಉಳಿದ ಮಕ್ಕಳು ಬರುವುದೇ ಕಡಿಮೆಯಾಗಿತ್ತು. ಗುಬ್ಬಿಯ ಗೂಡು ತೋರಿಸಿದಳು, ಬೇವಿನ ಗಿಡದ ಹತ್ತಿರ ಕರೆದೊಯ್ದಳು. ಹುಡುಗಿ ನೋಡುತ್ತಿದ್ದಳು ಅಷ್ಟೇ. ಗಿಡಕ್ಕೆ ಕಿವಿ ಕೊಡುವ ಈ ಕೂಸು ಇನ್ನೆಂದೂ ಕೇಳಿಸಿಕೊಳ್ಳದೇ ಬೆಳೆದುಬಿಟ್ಟರೆ ಎಂಬ ಭಯ ಹೊನ್ನೂರಮ್ಮನ ಬೆನ್ನು ಬಿಡಲಿಲ್ಲ. ಇನ್ನೊಂದು ಭಯವೂ ಇತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಸುಮ್ಮನೆ ಕೂತಾಗ ಹೊನ್ನೂರಮ್ಮನ ಕಿವಿಯಲ್ಲೂ ಆ ‘ಸದ್ದಿಲ್ಲ’ ಎಂಬ ಮಾತೇ ಸುಳಿಯುತ್ತಿತ್ತು. ಆಟ ನಿಂತುಹೋಯಿತು.

ಬೇಸಿಗೆಯ ಒಂದು ಮಧ್ಯಾಹ್ನ ಸುಜಾತಾ ಬಂದಳು. ಕಣ್ಣು ಒಣಗಿದ್ದವು. ಸುಜಾತಾ ಸೀದಾ ಮೂಲೆಗೆ ಹೋಗಿ, ಹುಡುಗಿಯ ಮುಂದೆ ಕೂತು, ಕಿವಿಯ ಅರಿವೆಯನ್ನು ಮೆಲ್ಲಗೆ ತೆಗೆದಳು.

“ಬೈಯಾಕ ಬಂದಿಲ್ಲವ್ವ. ನೀ ಹೇಳಿದ್ದು ಖರೇನ ಇತ್ತು. ನಿನ್ನತ್ರ ಬರೂಕಿಂತ ಮೊದ್ಲ ನನಗ ಗೊತ್ತಾಗಿತ್ತು, ಒಳಗ ಅಲುಗಾಟ ನಿಂತಿತ್ತು. ಮನ್ಯಾಗ ಹೇಳಾಕ ಧೈರ್ಯ ಬರಲಿಲ್ಲ. ನಿನ್ನ ಬಾಯಾಗ ಬ್ಯಾರೆ ಮಾತು ಬರಲಿ ಅಂತ ಬಂದಿದ್ದೆ.”

ಸೌಭಾಗ್ಯ ಅವಳ ಮುಖವನ್ನೇ ನೋಡಿದಳು. ಎಷ್ಟೋ ತಿಂಗಳ ಮೇಲೆ ಮೊದಲ ಮಾತು ಹೊರಬಿತ್ತು. “ಪಾಪು ಎಲ್ಲಿ ಹೋತು?”

ಸುಜಾತಾ ಟೀಚರತ್ತ ತಿರುಗಿದಳು. ದೇವರ ಹತ್ತಿರ, ಚುಕ್ಕಿಯಾಯಿತು, ಇಂಥ ಉತ್ತರಗಳೆಲ್ಲ ಹೊನ್ನೂರಮ್ಮನ ನಾಲಿಗೆಯ ತುದಿಯವರೆಗೆ ಬಂದವು. ಆದರೆ “ನನಗ ಗೊತ್ತಿಲ್ಲವ್ವ,” ಎಂದಳು ಹೊನ್ನೂರಮ್ಮ.

“ನನಗ ದಿನಾ ಅದು ಅಳೂದು ಕೇಳಸ್ತೈತಿ,” ಎಂದಳು ಸುಜಾತಾ. “ನೀರು ಸೇದುವಾಗ, ರೊಟ್ಟಿ ಬಡಿಯುವಾಗ. ನಿನಗೂ ಕೇಳಸ್ತೈತೇನು?”

ಮತ್ತೆ ಈ ಕೂಸಿನ ತಲೆಯ ಮೇಲೆ ಪ್ರಶ್ನೆಯೇ ಎಂದು ಹೊನ್ನೂರಮ್ಮ ತಡೆಯಲು ಎದ್ದಳು. ಅಷ್ಟರಲ್ಲಿ ಸೌಭಾಗ್ಯ ತಾನಾಗಿಯೇ ಸರಿದು ಸುಜಾತಾಳ ಖಾಲಿ ಹೊಟ್ಟೆಗೆ ಕಿವಿ ಇಟ್ಟಾಗಿತ್ತು. ಹೊನ್ನೂರಮ್ಮ ನಿಂತಲ್ಲೇ ನಿಂತಳು. ಆ ದೊಡ್ಡ ಗಂಟಲು ಪಿಸುಗುಟ್ಟಿತು.

“ಸದ್ದಲೇ.”

ಹೊರಗೆ ಬೇವಿನ ಎಲೆ ಕೂಡ ಅಲುಗಲಿಲ್ಲ. ಅಪ್ಪನ ಹೆಗಲ ಮೇಲೆ ಕೂತು ಕೇಳಿದ ಆ ಮೌನ ಈ ಚಿಕ್ಕ ಕೋಣೆಯೊಳಗೆ ಬಂದು ನಿಂತಂತಾಯಿತು. ಈ ಸಲ ಹೊನ್ನೂರಮ್ಮನಿಗೆ ಅದರ ಭಯವಾಯಿತು.

“ಸದ್ದಿಲ್ಲ,” ಎಂದಳು ಸೌಭಾಗ್ಯ. ಕಿವಿ ಎತ್ತಲಿಲ್ಲ. ಮತ್ತಷ್ಟು ಹೊತ್ತು ಆಲಿಸಿ, “ಆದ್ರ ಅದು ಅಳಾಕತ್ತಿಲ್ಲಕ್ಕ,” ಎಂದಳು.

ಸುಜಾತಾ ಆ ಪುಟ್ಟ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ಅಳತೊಡಗಿದಳು. ಹಾದುಹೋಗುವವರು ಯಾರೂ ಇದನ್ನು ಕಂಡು ಕಾಯಿ ಹಿಡಿದು ಬರದಿರಲಿ ಎಂದು ಹೊನ್ನೂರಮ್ಮ ಬಾಗಿಲು ಮುಂದೆ ಮಾಡಿದಳು.