ಭುಜದ ಮಟ್ಟಕ್ಕೆ ಎತ್ತಿದ ಕೈ

ಇವತ್ತು ಬೆಳಿಗ್ಗೆ ಕೆಂಪು ಸಮುದ್ರದ ದಡದ ಜಿಝಾನ್ ಕಡೆಯಿಂದ ಒಂದು ಥರ್ಮಾಕೋಲ್ ಪೆಟ್ಟಿಗೆ ಬಂತು. ಮುಚ್ಚಳ ತೆಗೆದದ್ದೇ ತಡ, ಬೆಟ್ಟದ ಮೇಲಿನ ತಾಯಿಫಿನ ನಮ್ಮ ಕೋಣೆಯ ತುಂಬ ಸಮುದ್ರದ ವಾಸನೆ. ಜೊತೆಗಿರುವ ಉಳ್ಳಾಲದ ಇಬ್ರಾಹಿಂ ನಿದ್ದೆಗಣ್ಣಲ್ಲೇ ಎದ್ದು ಬಂದು, "ಎಂತ ಮಾರಾಯ, ಕಡಲನ್ನೇ ತರಿಸಿದ್ದಾ?" ಎಂದ. ಐಸಿನ ನಡುವೆ ಗಿಳಿಯಂಥ ಮೂತಿಯ ಹಸಿರು-ನೀಲಿ ಮೀನುಗಳು ಮಲಗಿದ್ದವು. ಗವರ್ನರ್ ಸಾಹೇಬರ ನೆನಪಾಯಿತು. ಮರೆತಿದ್ದರೆ ತಾನೇ ನೆನಪಾಗುವುದು ಎನ್ನುತ್ತೀರೇನೋ, ಅದೂ ಸರಿಯೇ.

ನಾನು ಫಿಸಿಯೋಥೆರಪಿಸ್ಟ್. ಇಲ್ಲಿ ಬಿಳಿ ಕೋಟು ಹಾಕಿದವರೆಲ್ಲ 'ದಕ್ತೂರ್'. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಸುಮ್ಮನಾದೆ. ಪುಕ್ಕಟೆ ಸಿಕ್ಕ ಪದವಿಯನ್ನು ಯಾರು ಬೇಡವೆನ್ನುತ್ತಾರೆ ಹೇಳಿ! ಪಾರ್ಶ್ವವಾಯುವಿನಿಂದ ಬಲಗೈ ಬಿದ್ದುಹೋಗಿದ್ದ ಹಿರಿಯರೊಬ್ಬರಿಗೆ ಮನೆಗೇ ಹೋಗಿ ವ್ಯಾಯಾಮ ಮಾಡಿಸುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂತು. ಕೆಂಪು ಸಮುದ್ರದ ಒಂದು ಸಣ್ಣ ದ್ವೀಪಕ್ಕೆ ಗವರ್ನರ್ ಆಗಿದ್ದು ನಿವೃತ್ತರಾದವರು ಅವರು.

ಸಾಹೇಬರು ಹುಟ್ಟಿದ್ದು ಈ ಬೆಟ್ಟದೂರಿನ ದಾಳಿಂಬೆ ತೋಟಗಳ ನಡುವೆ. ಕೆಲಸ ಸಿಗುವವರೆಗೆ ಸಮುದ್ರ ಕಂಡವರೇ ಅಲ್ಲ. "ದ್ವೀಪಕ್ಕೆ ಹಾಕಿದ್ದಾರೆ ಎಂದಾಗ ಅಮ್ಮ ಅತ್ತಳು. ನಾನು ಹಡಗಿನ ದಾರಿಯುದ್ದಕ್ಕೂ ವಾಂತಿ ಮಾಡಿದೆ. ಗವರ್ನರನ್ನು ಸ್ವಾಗತಿಸಲು ಬಂದ ಜನ ಗವರ್ನರನ್ನೇ ಹೊತ್ತು ಇಳಿಸಿದರು" ಎಂದು ಹೇಳಿ ನಗುತ್ತಿದ್ದರು. ಒಂದೆರಡು ವರ್ಷಕ್ಕೆಂದು ಹೋದವರು ತಲೆ ನರೆಯುವವರೆಗೆ ಅಲ್ಲೇ ಉಳಿದರು. ಸಿಹಿನೀರು ತಂದರು, ಆಸ್ಪತ್ರೆ ಕಟ್ಟಿಸಿದರು, ಹಡಗು ದಿನಾ ಬರುವಂತೆ ಮಾಡಿದರು.

"ಅದೆಲ್ಲ ಜನರಿಗೆ ಮರೆತುಹೋಗಿದೆ ದಕ್ತೂರ್. ನೆನಪಿರುವುದು ಈ ಕೈ ಮಾತ್ರ" ಎಂದು ಮಡಿಲಲ್ಲಿ ಬಿದ್ದ ಬಲಗೈಯನ್ನು ತೋರಿಸುತ್ತಿದ್ದರು.

ಪ್ರತಿ ವಸಂತದಲ್ಲಿ ಅಲ್ಲಿನ ಆಳವಿಲ್ಲದ ಕೊಲ್ಲಿಗೆ ಗಿಳಿಮೂತಿಯ ಈ ಮೀನುಗಳು ಹಿಂಡುಹಿಂಡಾಗಿ ಬರುತ್ತವೆ. ಊರಿಗೆ ಊರೇ ಬುಟ್ಟಿ ಹಿಡಿದು ದಡದಲ್ಲಿ ನಿಲ್ಲುತ್ತದೆ. ಮುಂದೆ ಗವರ್ನರ್, ಕೈ ಎತ್ತಿ. ಆ ಕೈ ಮೇಲಿರುವಷ್ಟು ಹೊತ್ತು ಯಾರೂ ನೀರಿಗೆ ಕಾಲಿಡುವಂತಿಲ್ಲ. ಹಿಂಡು ಪೂರ್ತಿ ಒಳಗೆ ಬಂದ ಮೇಲೆ ಕೈ ಇಳಿಯುತ್ತದೆ, ಜನ ನುಗ್ಗುತ್ತಾರೆ. ಮೊದಲೇ ಇಳಿದರೆ ಮೀನು ಆಳಕ್ಕೆ ತಿರುಗಿಬಿಡುತ್ತದೆ. ನಮ್ಮ ಮಲ್ಪೆ ಕಡೆ ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವಾಗಲೂ ಹಿರಿಯನೊಬ್ಬ ಕೂಗು ಹಾಕುವವರೆಗೆ ಯಾರೂ ಹಗ್ಗ ಮುಟ್ಟುತ್ತಿರಲಿಲ್ಲ. ಅದನ್ನು ಹೇಳಿದೆ. ಸಾಹೇಬರು ಕಣ್ಣು ಮುಚ್ಚಿಕೊಂಡು, "ಇನ್ನೊಮ್ಮೆ ಹೇಳು" ಎಂದರು. ಮಧ್ಯಾಹ್ನದ ಬಿಸಿಲು ಪರದೆಯಾಚೆ ನಿಂತಿತ್ತು. ನಾವಿಬ್ಬರೂ ಬೇರೆ ಬೇರೆ ಕಡಲ ದಡದಲ್ಲಿದ್ದೆವು.

ಆ ವರ್ಷ ದ್ವೀಪದವರು, ಈ ಸಲ ನೀವೇ ಬಂದು ಕೈ ಎತ್ತಬೇಕು ಎಂದು ಕರೆದರು. ಸಾಹೇಬರಿಗೆ ಅದೊಂದೇ ಧ್ಯಾನವಾಯಿತು. ಎಡಗೈ ಎತ್ತಬಹುದಲ್ಲ ಎಂದೆ. ಎಡಗೈಯಲ್ಲಿ ಉಣ್ಣು ಎಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಸರಿ, "ಇನ್ನೊಂಚೂರು ಮೇಲೆ, ಇನ್ನೊಂಚೂರು" ಎಂದು ನಾನು ಜಪ ಹಿಡಿದೆ. ಕೈ ಭುಜದ ಮಟ್ಟಕ್ಕೆ ಬಂತು. ಅಲ್ಲಿಂದ ಮೇಲೆ, ಏನು ಮಾಡಿದರೂ ಏಳಲಿಲ್ಲ.

ಮೀನು ಬರುವ ದಿನ ನಾನೂ ಜೊತೆಗೆ ದ್ವೀಪಕ್ಕೆ ಹೋದೆ. ಗಾಲಿಕುರ್ಚಿಯಲ್ಲಿ ಕೂತೇ ಸಾಹೇಬರು ಕೈ ಎತ್ತಿದರು. ಅದು ಭುಜದ ಮಟ್ಟದಲ್ಲಿ ನಿಂತು ನಡುಗತೊಡಗಿತು. ನೀರಿನೊಳಗೆ ನೀಲಿ ಮೋಡದಂತೆ ಹಿಂಡು ಬರುತ್ತಿತ್ತು. ಮೊಣಕೈಗೆ ಆಸರೆ ಕೊಡಲು ಚಾಚಿದ ನನ್ನ ಕೈಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ. ಹಿಂಡು ಇನ್ನೂ ಅರ್ಧ ಹೊರಗಿರುವಾಗಲೇ ಕೈ ಬಿತ್ತು.

ಜನ ನುಗ್ಗಿದರು, ಮೀನು ತಿರುಗಿತು. ಅರೆಖಾಲಿ ಬುಟ್ಟಿ ಹೊತ್ತು ದಡಕ್ಕೆ ಬಂದವರು ಒಬ್ಬೊಬ್ಬರಾಗಿ ಸಾಹೇಬರ ಹಣೆಗೆ ಮುತ್ತಿಟ್ಟು ಹೋದರು.

ವಾಪಸು ಬರುವಾಗ ಹಡಗಿನಲ್ಲಿ ಕೇಳಿದರು: "ನಾನು ಇಳಿಸಿದೆನೋ, ಅದೇ ಬಿತ್ತೋ?"

"ನೀವೇ ಇಳಿಸಿದ್ದು, ಶೇಖ್."

"ಸುಳ್ಳು ಹೇಳಲು ಬಾರದು ನಿನಗೆ" ಎಂದು ನಕ್ಕರು. ಮುಂದಿನ ವಸಂತ ಅವರಿಗೆ ಸಿಗಲಿಲ್ಲ. ಕೊನೆಯ ಸಲ ಎತ್ತಿದ ಕೈ ಸೋತೇಹೋಯಿತಲ್ಲ ಎಂಬ ಸಂಕಟ ಮಾತ್ರ ನನ್ನಲ್ಲೇ ಉಳಿಯಿತು.

ಇವತ್ತಿನ ಈ ಪೆಟ್ಟಿಗೆ ಕಳಿಸಿದ್ದು ಅವರ ಮಗ ಸಾಲಿಹ್, ದ್ವೀಪದಲ್ಲೇ ಮದುವೆಯಾಗಿ ನೆಲೆಸಿದವನು. ಜೊತೆಗೆ ಫೋನಿಗೆ ಒಂದು ವಿಡಿಯೋ ಕಳಿಸಿದ್ದ. ಅದೇ ಕೊಲ್ಲಿ, ಅದೇ ಜನ. ಮುಂದೆ ಈಗಿನ ಗವರ್ನರ್, ಕಟ್ಟುಮಸ್ತಾದ ಆಳು. ಕೈ ಎತ್ತಿದರು. ಅದು ಭುಜದ ಮಟ್ಟಕ್ಕೆ ಬಂದು ನಿಂತಿತು. "ಇನ್ನೊಂಚೂರು ಮೇಲೆ" ಎಂಬುದು ಅಭ್ಯಾಸಬಲದಿಂದ ನನ್ನ ನಾಲಿಗೆಗೇ ಬಂತು. ಗಾಬರಿಯಾಗಿ ಸಾಲಿಹನಿಗೆ ಫೋನ್ ಮಾಡಿದೆ.

"ಅವರ ಕೈಗೆ ಏನಾಗಿದೆ?"

"ಏನೂ ಆಗಿಲ್ಲ ದಕ್ತೂರ್. ಅಪ್ಪ ಆವತ್ತು ಎತ್ತಿದ ಮೇಲೆ ನಮ್ಮಲ್ಲಿ ಎತ್ತುವುದೇ ಅಷ್ಟು."

ಫೋನ್ ಇಟ್ಟೆ. ಕಣ್ಣು ಮಂಜಾಯಿತು, ಐಸಿನ ಆವಿ ಎಂದುಕೊಂಡೆ. ಇಬ್ರಾಹಿಂ ಚೂರಿ ಹಿಡಿದು ಬಂದು, "ಎಂತ ನಿಂತದ್ದು? ಕೊಯ್ಯುದಾ?" ಎಂದ. ತಡಿ ಎಂದು ಕೈ ಎತ್ತಿದೆ. ಭುಜದ ಮಟ್ಟಕ್ಕೆ ಬಂದು ನಿಂತಿತು. ಏನೊಂದೂ ತಿಳಿಯದ ಇಬ್ರಾಹಿಂ, ಅದು ಇಳಿಯುವವರೆಗೆ ಕಾದ.